ಮಗನ ಮೇಲೆ ರೇಗುವ ಅಮ್ಮನಿಗೆ: ಓದುಗರ ಸ್ಪಂದನ

ಕಳೆದ ವಾರ ಹಾಸನದ ತಾಯಿಯೊಬ್ಬರು ಬರೆದಿದ್ದರು: “ಎಂಟು ವರ್ಷದ ಮಗನಿಗೆ ಹೋಮ್‌ವರ್ಕ್ ಮಾಡಿಸುವಾಗ ದಿನಾ ಕೂಗಾಡುತ್ತೇನೆ. ಒಮ್ಮೊಮ್ಮೆ ಕೈ ಮಾಡುತ್ತೇನೆ, ಆಮೇಲೆ ಅಳುತ್ತೇನೆ. ಧ್ಯಾನ ಮಾಡಿದರೆ ಸರಿಹೋಗುತ್ತಾ?”

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ ಅಕ್ಕಾ. ಬರೆದಿದ್ದು ನಾನೇ ಏನೋ ಅನ್ನಿಸಿತು. ನಮ್ಮದು ಸಣ್ಣ ತೋಟ. ಎರಡು ವರ್ಷದ ಹಿಂದೆ, ಕಾಫಿ ಕೊಯ್ಲಿನ ಸಮಯ, ಬೆಳಗ್ಗೆಯಿಂದ ಆಳುಗಳ ಹಿಂದೆ ಓಡಾಡಿ ಸುಸ್ತಾಗಿದ್ದೆ, ಮೇಲಿನ ಗೂಡಿನಿಂದ ಸಕ್ಕರೆ ಡಬ್ಬಿ ತೆಗೆಯೋಣ ಅಂತ ಕೈ ಎತ್ತಿದೆ ಅಷ್ಟೇ. ಪಕ್ಕದಲ್ಲಿದ್ದ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೊಡೆಯುತ್ತೇನೆ ಅಂದುಕೊಂಡಳು. ಆ ಡಬ್ಬಿ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.

ಧ್ಯಾನ ಶುರುವಾಗಿದ್ದು ಅದಾದ ಮೇಲೆ, ನಮ್ಮ ಬಚ್ಚಲೊಲೆ ಮುಂದೆ. ಬೆಳಗ್ಗೆ ಐದೂವರೆಗೆ ಹಂಡೆಗೆ ನೀರು ತುಂಬಿ ಬೆಂಕಿ ಹಾಕಿ, ನೀರು ಕಾಯುವವರೆಗೆ ಅಲ್ಲೇ ಮಣೆ ಮೇಲೆ ಕೂರುತ್ತೇನೆ. ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಮೂಗಿನ ತುದಿಯಲ್ಲಿ ಗೊತ್ತಾಗುತ್ತಲ್ಲ, ಅದನ್ನು ಸುಮ್ನೆ ಗಮನಿಸುವುದು. ವಿಪಸ್ಸನ ಅನ್ನೋ ಧ್ಯಾನ ಪದ್ಧತಿಯಲ್ಲಿ ಇದಕ್ಕೆ ಆನಾಪಾನ ಅಂತಾರೆ. ಮನಸ್ಸು ನಿಲ್ಲುವುದೇ ಇಲ್ಲ, ತಿಂಡಿಗೆ ಏನು, ಇವತ್ತು ಎಷ್ಟು ಆಳು ಬರ್ತಾರೆ ಅಂತ ಓಡುತ್ತದೆ. ಓಡಿತು ಅಂತ ಗೊತ್ತಾದ ಕೂಡಲೇ ವಾಪಸ್ ಕರೆದುಕೊಂಡು ಬರಬೇಕು, ಕೆಲಸ ಇಷ್ಟೇ. ಮೊದಲ ತಿಂಗಳು ನನಗೆ ಏನೂ ಬದಲಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ ಒಂದು ಸಂಜೆ ಮಗಳು ಏಳರ ಮಗ್ಗಿ ಮೂರನೇ ಸಲ ತಪ್ಪಿದಳು. ನನ್ನ ದವಡೆ ಬಿಗಿಯಾಗಿದ್ದು ನನಗೇ ಗೊತ್ತಾಯಿತು. ಸಿಟ್ಟು ಬಂದಿತ್ತು, ಇನ್ನೂ ಬಾಯಿಗೆ ಬಂದಿರಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ. ಧ್ಯಾನದಿಂದ ಸಿಟ್ಟೇ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರು ಕುಡಿದು ಬರುವಷ್ಟು ಹೊತ್ತು ಸಿಗುತ್ತೆ. ಈಗಲೂ ರೇಗುವ ದಿನ ಇದೆ, ಆ ದಿನ ಮಲಗುವ ಮೊದಲು ಮಗಳ ಹತ್ತಿರ ತಪ್ಪಾಯಿತು ಅಂತ ಹೇಳುತ್ತೇನೆ.
– ಮೂಡಿಗೆರೆ ಕಡೆಯ ಒಬ್ಬ ಅಮ್ಮ

ಮೇಡಂ, ನಾನೂ ಹಾಸನದವನೇ. ಬೆಳಗ್ಗೆ ಧ್ಯಾನಕ್ಕೆ ಕೂತರೆ ನನಗೆ ನಿದ್ದೆ. ಅದಕ್ಕೇ ಸಂಜೆ ಮನೆ ಗೇಟಿನ ಹತ್ತಿರ ಬೈಕ್ ಆಫ್ ಮಾಡಿ, ಹೆಲ್ಮೆಟ್ ತೆಗೆದು, ಸೀಟಿನ ಮೇಲೇ ಕೂತು ಹತ್ತು ಉಸಿರು ಎಣಿಸಿ ಒಳಗೆ ಹೋಗುತ್ತೇನೆ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಕೆಲಸದ ಸಿಟ್ಟನ್ನೆಲ್ಲ ಮಕ್ಕಳ ಮೇಲೆ ಹಾಕುತ್ತಿದ್ದೆ ಅಂತ ಗೊತ್ತಾಗಿದ್ದು ಆ ಸೀಟಿನ ಮೇಲೆ ಕೂತಾಗಲೇ. ರಜೆಯಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಿಸಿಲು ಬೇರೆ, ಅರ್ಧದಲ್ಲೇ ಚಿಕ್ಕವನು ಆಗಲ್ಲ ಅಂತ ಕೂತುಬಿಟ್ಟ. ಮುಂಚೆಯಾಗಿದ್ದರೆ ಎಲ್ಲರ ಮುಂದೆ ಬೈಯುತ್ತಿದ್ದೆ. ಈ ಸಲ ನಾನೂ ಪಕ್ಕದಲ್ಲಿ ಕೂತೆ, ಇಬ್ಬರೂ ಸೇರಿ ಹತ್ತು ಎಣಿಸಿ ಎದ್ದೆವು. ಮೇಲೆ ಹೋದ ಮೇಲೆ ಬಾಹುಬಲಿಯ ಕಾಲಿಗೆ ಹಬ್ಬಿದ ಬಳ್ಳಿಯನ್ನೇ ಅವನು ಎಷ್ಟೋ ಹೊತ್ತು ನೋಡುತ್ತಿದ್ದ.
– ಇಬ್ಬರು ಮಕ್ಕಳ ತಂದೆ, ಹಾಸನ

ನಾನು ನಿವೃತ್ತ ನರ್ಸ್. ಸಿಟ್ಟು ಬಂದಾಗ ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತೆ, ಆಗ ಯಾರ ಮಾತೂ ತಲೆಗೆ ಹೋಗಲ್ಲ. ನಿಮಗೂ ಅಷ್ಟೇ, ಮಗುವಿಗೂ ಅಷ್ಟೇ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಎದೆಬಡಿತ ಇಳಿಯುತ್ತೆ. 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಧ್ಯಾನ ತರಬೇತಿ ಶುರು ಮಾಡಿದ್ದು ವಾಸಿಯಾಗದ ನೋವಿನ ರೋಗಿಗಳಂಥವರಿಗೆ, ಈಗ ಅದೇ ರೀತಿ ಅಪ್ಪ ಅಮ್ಮಂದಿರಿಗೂ ಕಲಿಸುತ್ತಾರೆ. ಹತ್ತು ದಿನದ ವಿಪಸ್ಸನ ಶಿಬಿರಕ್ಕೆ ಈಗಲೇ ಹೊರಡಬೇಡಿ, ಮಗನನ್ನು ಬಿಟ್ಟು, ಫೋನ್ ಅಲ್ಲಿ ಒಪ್ಪಿಸಿ ಮೌನವಾಗಿ ಇರಬೇಕಾಗುತ್ತೆ, ಅದು ಮುಂದೆ ನೋಡೋಣ. ಕಣ್ಣು ಮುಚ್ಚಿದರೆ ಭಯ ಆದರೆ ತೆರೆದೇ ಕೂರಿ. ಇನ್ನೊಂದು ಮಾತು, ವಾರಗಟ್ಟಲೆ ನಿದ್ದೆ ಇಲ್ಲ, ಕಾರಣ ಇಲ್ಲದೆ ಅಳು ಬರುತ್ತೆ ಅಂದರೆ ಧ್ಯಾನವನ್ನೇ ನಂಬಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.
– ಚಿಕ್ಕಮಗಳೂರು

ಧ್ಯಾನ ಮಾಡು ತಾಯಿ, ಬೇಡ ಅನ್ನಲ್ಲ. ಆದರೆ ಆ ಹೊತ್ತಿನಲ್ಲಿ ಮಗು ಯಾರ ಹತ್ತಿರ ಇರುತ್ತೆ? ನಿಮ್ಮ ಮನೆಯವರು ಏನು ಮಾಡುತ್ತಾರೆ ಅಂತ ನೀನು ಬರೆದೇ ಇಲ್ಲ. ನಾನು ಸೊಸೆಗೆ ಹೇಳಿದ್ದೇನೆ, ಏಳರಿಂದ ಏಳೂವರೆ ಮೊಮ್ಮಗ ನನ್ನ ಹತ್ತಿರ ಇರಲಿ, ನೀನು ರೂಮಿನ ಬಾಗಿಲು ಹಾಕಿಕೋ, ಧ್ಯಾನನಾದ್ರೂ ಮಾಡು, ನಿದ್ದೆನಾದ್ರೂ ಮಾಡು ಅಂತ. ನಿಮ್ಮಲ್ಲೂ ಅತ್ತೆನೋ ಅಮ್ಮನೋ ಇದ್ದರೆ ಬಾಯಿ ಬಿಟ್ಟು ಕೇಳು.
– ಅರಸೀಕೆರೆಯ ಒಬ್ಬ ಅಜ್ಜಿ