ದೂರದ ಗುಡುಗು ಮಳೆ ಎಬ್ಬಿಸುವ ಅಲೆಗಳನ್ನು ಕಂಡವರಿದ್ದೀರಾ?

ಮಂಡ್ಯದಿಂದ ಒಬ್ಬ ಶಿಕ್ಷಕಿ: ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಾತ್ರಿಯ ಗುಡುಗು ಮಳೆ ವಾತಾವರಣದ ಮೇಲ್ಪದರಗಳಲ್ಲಿ ಅಲೆ ಎಬ್ಬಿಸುತ್ತದೆ, ಅದನ್ನು ಸಾಧಾರಣ ಕ್ಯಾಮೆರಾದಲ್ಲೂ ಹಿಡಿಯಬಹುದು ಎಂದು ಓದಿದೆ. ಭರಣಿ ಮಳೆಯ ದಿನಗಳಲ್ಲಿ ಎರಡು ರಾತ್ರಿ ಮಹಡಿಯ ಮೇಲೆ ಕ್ಯಾಮೆರಾ ಇಟ್ಟೆ. ಮಿಂಚು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅನುಭವ ಇದ್ದವರು ದಾರಿ ತೋರಿಸಿ.

ಮೈಸೂರಿನಿಂದ: ಮೇಡಂ, ಮಳೆ ನಿಮಗೆ ತೀರಾ ಹತ್ತಿರವಿತ್ತು, ಅದಕ್ಕೇ ಸಿಗಲಿಲ್ಲ. ಗುಡುಗು ಕಿವಿಗೆ ಬೀಳುವಷ್ಟು ಸನಿಹದ ಮೋಡ ಆಕಾಶವನ್ನೇ ಮುಚ್ಚಿಬಿಡುತ್ತದೆ. ನಮಗೆ ಬೇಕಾದದ್ದು ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಮಳೆ ಮತ್ತು ನಮ್ಮ ನೆತ್ತಿಯ ಮೇಲೆ ಶುಭ್ರ ಆಕಾಶ.

ಮೋಡದೊಳಗೆ ನುಗ್ಗಿ ಏರುವ ಗಾಳಿ 16–17 ಕಿ.ಮೀ. ಎತ್ತರದಲ್ಲಿ ಸಮೋಷ್ಣ ಮಂಡಲದ (ಸ್ಟ್ರ್ಯಾಟೋಸ್ಫಿಯರ್) ತಳಕ್ಕೆ ಬಡಿಯುತ್ತದೆ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಎದ್ದು ಬೀಳುವ ಹಾಗೆ ಆ ಪದರ ಏರಿ ಇಳಿಯುತ್ತದೆ. ಆ ಏರಿಳಿತವೇ ಅಲೆಯಾಗಿ ಮೇಲಕ್ಕೆ ಸಾಗುತ್ತದೆ. ಗಾಳಿ ತೆಳುವಾಗುತ್ತಾ ಹೋದಂತೆ ಅಲೆ ಹಿಗ್ಗುತ್ತದೆ. 87 ಕಿ.ಮೀ. ಸುತ್ತಮುತ್ತ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕ ಸೇರಿದ ಕಣ), 97 ಕಿ.ಮೀ. ಸುತ್ತಮುತ್ತ ಆಮ್ಲಜನಕ ಇರುಳಿಡೀ ಸಣ್ಣಗೆ ಬೆಳಗುತ್ತಿರುತ್ತವೆ. ಇದನ್ನು ಏರ್‌ಗ್ಲೋ ಎನ್ನುತ್ತಾರೆ. ಅಲೆ ಹಾದಾಗ ಈ ಬೆಳಕಿನಲ್ಲಿ ಪಟ್ಟೆಗಳು, ಅದೃಷ್ಟವಿದ್ದರೆ ಉಂಗುರಗಳು ಮೂಡುತ್ತವೆ. 2014ರ ಏಪ್ರಿಲ್‌ನಲ್ಲಿ ಟಿಬೆಟ್‌ನಿಂದ ತೆಗೆದ ಬಣ್ಣದ ಉಂಗುರಗಳ ಚಿತ್ರ ನೀವು ನೋಡಿರಬಹುದು. ಅದಕ್ಕೆ ಕಾರಣ ಬಾಂಗ್ಲಾದೇಶದ ಗುಡುಗು ಮಳೆ.

ನಾನು ಹೋಗುವುದು ಮೇಲುಕೋಟೆಯ ಕಡೆಗೆ, ಅಕ್ಟೋಬರ್‌ನ ಅಮಾವಾಸ್ಯೆಯ ಆಸುಪಾಸಿನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಮೈಸೂರಿನ ಬೆಳಕು, ಪೂರ್ವಕ್ಕೆ ಬೆಂಗಳೂರಿನ ಬೆಳಕು ಕಾಡುತ್ತದೆ. ಆದರೆ ಇವೆರಡರ ನಡುವೆ ಆಗ್ನೇಯ ದಿಕ್ಕು ಕತ್ತಲಾಗಿ ಉಳಿದಿದೆ, ತಮಿಳುನಾಡಿನ ಮಳೆ ಇರುವುದೂ ಅದೇ ದಿಕ್ಕಿನಲ್ಲಿ. ತಿರುಚಿರಾಪಳ್ಳಿ ಅಲ್ಲಿಂದ ಸುಮಾರು 300 ಕಿ.ಮೀ. ಅದರ ಮೇಲೆ 90 ಕಿ.ಮೀ. ಎತ್ತರದಲ್ಲಿರುವ ಪದರ ನಮಗೆ ದಿಗಂತದಿಂದ 15 ಡಿಗ್ರಿ ಮೇಲೆ ಕಾಣುತ್ತದೆ. ಚಾಚಿದ ಕೈಯ ಒಂದೂವರೆ ಮುಷ್ಟಿ ಎಂದುಕೊಳ್ಳಿ. ಹೊರಡುವ ಮುನ್ನ ಇನ್ಸಾಟ್ ಉಪಗ್ರಹದ ಅವಕೆಂಪು ಚಿತ್ರ ನೋಡುತ್ತೇನೆ. ಬಿಡಿಯಾಗಿ ನಿಂತ, ನೆತ್ತಿ ಬಹಳ ತಣ್ಣಗಿರುವ, ಅಂದರೆ ತುಂಬಾ ಎತ್ತರಕ್ಕೆ ಬೆಳೆದ ಮೋಡ ಆ ದಿಕ್ಕಿನಲ್ಲಿದ್ದರೆ ಮಾತ್ರ ಚೀಲ ಹೆಗಲಿಗೇರುತ್ತದೆ.

ಅಗಲ ನೋಟದ ಲೆನ್ಸ್, ಎಫ್ 2.8 ಅಥವಾ ಅದಕ್ಕಿಂತ ತೆರೆದದ್ದು, ಐಎಸ್‌ಒ 3200, 20 ಸೆಕೆಂಡು, ರಾ ಕಡತ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಎರಡು ಗಂಟೆ ಬಿಡದೆ ತೆಗೆಯಿರಿ. ಸ್ಥಳದಲ್ಲಿ ಕ್ಯಾಮೆರಾದ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಬೇಸರಪಡಬೇಡಿ. ನನಗೆ ಮೊದಲ ಸಲ ಸಿಕ್ಕಿದ್ದು ಮನೆಗೆ ಬಂದು ಅಷ್ಟೂ ಚಿತ್ರಗಳ ಸರಾಸರಿಯನ್ನು ಒಂದೊಂದು ಚಿತ್ರದಿಂದಲೂ ಕಳೆದ ಮೇಲೆ. ತೆಂಗಿನ ಗರಿಯ ತುದಿಯ ಮೇಲೆ ನಾಲ್ಕು ಮಬ್ಬು ಹಸಿರು ಗೆರೆಗಳು, ಬಾಗಿದ ಹುಬ್ಬಿನಂತೆ. ಅವುಗಳ ಹಿಂದೆ ನಕ್ಷತ್ರಗಳು ಒಂದಿಷ್ಟೂ ಮಂಕಾಗಿರಲಿಲ್ಲ. ಅದೇ ಗುರುತು: ತೆಳುಮೋಡ ನಕ್ಷತ್ರವನ್ನು ಮಂಕಾಗಿಸುತ್ತದೆ, ಊರಿನ ದೀಪದ ಬಣ್ಣ ಹೊರುತ್ತದೆ. ಅದಕ್ಕೂ ಮುಂಚೆ ಒಂದು ರಾತ್ರಿಯಿಡೀ ತೆಳುಮೋಡದ ಪಟ್ಟೆಗಳನ್ನೇ ಅಲೆ ಎಂದು ನಂಬಿ ಸಂಭ್ರಮಿಸಿದ್ದೆ.

ತಾಳೆ ನೋಡಲು ಸುವೊಮಿ ಎನ್‌ಪಿಪಿ ಉಪಗ್ರಹವಿದೆ. 2011ರಲ್ಲಿ ಹಾರಿದ್ದು, ರಾತ್ರಿ ಒಂದೂವರೆಯ ಹೊತ್ತಿಗೆ ನಮ್ಮ ಮೇಲೆ ಹಾಯುತ್ತದೆ. ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಈ ಏರ್‌ಗ್ಲೋವನ್ನೂ ಹಿಡಿಯುವಷ್ಟು ಸೂಕ್ಷ್ಮ ಅದರ ಕಣ್ಣು.

ಪಾಂಡವಪುರದಿಂದ: ಕ್ಯಾಮೆರಾ ಇಲ್ಲದ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದರೆ ಗಾಳಿಯ ಒತ್ತಡ ಅಳೆಯಿರಿ. ಬಿಎಂಪಿ280 ಎಂಬ ಅಗ್ಗದ ಸಂವೇದಕ ಸಾಕು. ಮನೆಯ ಒಳಗೂ ಹೊರಗೂ ಒತ್ತಡ ಒಂದೇ, ಆದ್ದರಿಂದ ಅದನ್ನು ಅಡುಗೆಮನೆಯ ಕಪಾಟಿನಲ್ಲೇ ಇಟ್ಟಿದ್ದೇನೆ. ಹತ್ತು ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಳ್ಳುತ್ತದೆ.

ಮೊದಲು ಒಂದು ವಾರ ಮಳೆಯಿಲ್ಲದ ದಿನಗಳ ಗೆರೆ ನೋಡಿ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಕಡೆ ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಏರಿರುತ್ತದೆ, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿದಿರುತ್ತದೆ. ಇದು ದಿನನಿತ್ಯದ ಉಸಿರಾಟ, ಮಳೆಗೆ ಸಂಬಂಧವಿಲ್ಲ. ಮಳೆ ಬಂದ ಒಂದು ಮೇ ರಾತ್ರಿ ನನ್ನ ಗೆರೆ ಥಟ್ಟನೆ ಒಂದು ಹೆಕ್ಟೊಪಾಸ್ಕಲ್‌ಗಿಂತ (ಒತ್ತಡದ ಅಳತೆ) ಹೆಚ್ಚು ಜಿಗಿಯಿತು, ಹೊರಗಿನ ಉಷ್ಣಾಂಶ ಕುಸಿಯಿತು. ಅದು ಮಳೆಯ ಮುಂದೆ ನುಗ್ಗುವ ತಂಗಾಳಿ. ಅಲೆ ಬಂದದ್ದು ಆಮೇಲೆ: ಸುಮಾರು ಹದಿನೈದು ನಿಮಿಷಕ್ಕೊಂದರಂತೆ ಮೂರು ಸಣ್ಣ ಉಬ್ಬು, ಉಷ್ಣಾಂಶ ಮಾತ್ರ ಅಲುಗಲಿಲ್ಲ. ಎರಡನ್ನೂ ಒಟ್ಟಿಗೆ ಅಳೆಯದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಇದು ಕೆಳಗಿನ ಗಾಳಿಯ ಅಲೆ, ಮೈಸೂರಿನವರು ಹೇಳಿದ ಹಸಿರು ಗೆರೆಗಳ ಅಲೆ ಬೇರೆ. ಮಕ್ಕಳಿಗೆ ಹೇಳುವಾಗ ಬೆರೆಸಬೇಡಿ.

ಇನ್ನೊಂದು ಮಾತು, ದಯವಿಟ್ಟು ಗುಡುಗು ಕೇಳಿಸುತ್ತಿರುವಾಗ ಮಹಡಿ ಹತ್ತಬೇಡಿ. ದಾಮಿನಿ ಆಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ, ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಮೈಸೂರಿನಿಂದ ಇನ್ನೊಬ್ಬರು: ಕೆಆರ್‌ಎಸ್ ಹಿನ್ನೀರಿನ ಕಡೆ ಹೋದರೆ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ. ಯುಎಸ್‌ಬಿಯಲ್ಲಿ ಬಿಸಿಯಾಗುವ ಪಟ್ಟಿ ಸುತ್ತಿ. ಮೇಲುಕೋಟೆ ಕಡೆ ಚಿರತೆ ಓಡಾಡುತ್ತದೆ, ಒಬ್ಬರೇ ಹೋಗಬೇಡಿ.

ಮಂಡ್ಯದ ಶಿಕ್ಷಕಿ: ಎಲ್ಲರಿಗೂ ಧನ್ಯವಾದ. ಸಂವೇದಕವನ್ನು ಈ ವಾರವೇ ತರಿಸಿ ಶಾಲೆಯ ಪ್ರಯೋಗಾಲಯದಲ್ಲಿ ಇಡುತ್ತೇನೆ. ಮೈಸೂರಿನವರೇ, ಅಕ್ಟೋಬರ್‌ನಲ್ಲಿ ನೀವು ಮೇಲುಕೋಟೆಗೆ ಹೊರಡುವಾಗ ತಿಳಿಸುತ್ತೀರಾ? ನಾನೂ ನಮ್ಮ ಮನೆಯವರೂ ಬರುತ್ತೇವೆ.