ಅಪ್‌ಡೇಟ್: ತಿಪಟೂರಿನ ನಮ್ಮ ತೆಂಗಿನ ಗುಂಪು ಟೆಲಿಗ್ರಾಮ್‌ಗೆ ಬಂತು

ನಮ್ಮ ತೆಂಗು ಬೆಳೆಗಾರರ ವಾಟ್ಸಾಪ್ ಗುಂಪು 1,024 ಜನರ ಮಿತಿ ಮುಟ್ಟಿದೆ, ಹಳೆ ಮಾತುಕತೆ ಉಳಿಸಿಕೊಂಡು ಎಲ್ಲಿಗೆ ಹೋಗೋದು ಅಂತ ಕೇಳಿದ್ದೆ. ಟೆಲಿಗ್ರಾಮ್ ಅಂದವರೇ ಜಾಸ್ತಿ. ಅಲ್ಲಿಗೇ ಹೋದೆವು.

ಹಳೆಯದೆಲ್ಲ ಬರಲಿಲ್ಲ, ಬಂದಷ್ಟು ಸಾಕು. ವಾಟ್ಸಾಪ್‌ನಲ್ಲಿ ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ ಟೆಲಿಗ್ರಾಮ್ ಆರಿಸಬೇಕು. ಫೋಟೋ ಸಮೇತ ಆದರೆ ಕೊನೆಯ 10,000 ಸಂದೇಶದವರೆಗೆ, ಫೋಟೋ ಬಿಟ್ಟರೆ 40,000. ನಾವು ಫೋಟೋ ಸಮೇತವೇ ತಂದೆವು. ಕಪ್ಪುತಲೆ ಹುಳು ತಿಂದ ಗರಿಯ ಚಿತ್ರವೇ ಇಲ್ಲದೆ ಬರೀ "ಇದೇನು ಸಾರ್?" ಅನ್ನೋ ಪ್ರಶ್ನೆ ಇಟ್ಟುಕೊಂಡು ಏನು ಮಾಡೋದು, ಅಲ್ವಾ? ಹೊಸಬರಿಗೂ ಹಳೆಯದು ಕಾಣಬೇಕಾದರೆ ಗುಂಪಿನ ಸೆಟ್ಟಿಂಗ್‌ನಲ್ಲಿ ಚಾಟ್ ಹಿಸ್ಟರಿ ತೆರೆದಿಡಿ.

ಜನರನ್ನು ಕರೆತರೋದೇ ದೊಡ್ಡ ಕೆಲಸ. ಲಿಂಕ್ ಹಾಕಿದರೆ ಅದಕ್ಕೂ ಕೈ ಮುಗಿಯೋ ಇಮೋಜಿ ಒತ್ತಿ ಸುಮ್ಮನಾದರು. ಕೊನೆಗೆ ಹರಾಜಿನ ದಿನ ಕೊಬ್ಬರಿ ರೇಟನ್ನು ಹೊಸ ಗುಂಪಿನಲ್ಲಿ ಮಾತ್ರ ಹಾಕಿದೆವು. ಮಧ್ಯಾಹ್ನದೊಳಗೆ "ಲಿಂಕ್ ಇನ್ನೊಂದ್ಸಲ ಕಳ್ಸಪ್ಪ" ಅಂತ ಫೋನ್ ಮೇಲೆ ಫೋನ್!

ಟಾಪಿಕ್ಸ್ ಆನ್ ಮಾಡಿ ರೇಟು, ಹುಳು-ರೋಗ, ಸಸಿ ಅಂತ ಬೇರೆ ಬೇರೆ ಮಾಡಿದ್ದೇವೆ. ಟೆಲಿಗ್ರಾಮ್ ಗುಂಪಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಆ್ಯಪ್ ಕಂಪನಿಯೂ ಓದಲಾಗದ ಬೀಗ) ಇಲ್ಲ. ಹಾಗಾಗಿ ಪಹಣಿ, ಪಾಸ್‌ಬುಕ್ ಫೋಟೋ ಹಾಕಬೇಡಿ ಅಂತ ಪಿನ್ ಮಾಡಿದೆ. ಹಳೆ ಗುಂಪಲ್ಲಿ ಈಗ ಅಡ್ಮಿನ್ ಮಾತ್ರ ಬರೆಯಬಹುದು. ಗುಡ್ ಮಾರ್ನಿಂಗ್ ಫೋಟೋ ಕಳಿಸೋ ಹಿರಿಯರು ಅದಕ್ಕೂ ಒಂದು ಟಾಪಿಕ್ ಕೇಳುತ್ತಿದ್ದಾರೆ. ಕೊಡೋಣ ಅಂತಿದ್ದೇನೆ, ಮ್ಯೂಟ್ ಮಾಡಿಕೊಂಡರಾಯ್ತು.