ಸಹಾಯ ಬೇಕು: ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತೆರೆಯಬಹುದೇ?

ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಣ್ಣಿನ ತೂಕ, ಕೂಲಿ, ಮುಂಗಡ ಎಲ್ಲವೂ ಲೆಕ್ಕದ ಹಾಳೆಯ (ಸ್ಪ್ರೆಡ್‌ಶೀಟ್) ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದೇ ಫೈಲಿನಲ್ಲಿದೆ. ಸಂಜೆ ಕಣದ ಪಕ್ಕದ ಕೋಣೆಯಲ್ಲಿ ನಮ್ಮ ರೈಟರ್ (ತೋಟದ ಗುಮಾಸ್ತರು) ತೂಕ ಬರೆಯುವ ಹೊತ್ತಿಗೇ ನಾನು ಇನ್ನೊಂದು ಕಂಪ್ಯೂಟರಿನಲ್ಲಿ ಮುಂಗಡ ಕಳೆಯಬೇಕು. ಒಬ್ಬರು ತೆರೆದರೆ ಇನ್ನೊಬ್ಬರಿಗೆ ‘ಓದಲು ಮಾತ್ರ’.

ಪ್ರತಿ ಮಾಡಿಕೊಂಡು ಬರೆದೆ. ಎರಡರ ಲೆಕ್ಕ ತಾಳೆಯಾಗಲಿಲ್ಲ. ಆಮೇಲೆ ಫೋಲ್ಡರಿನಲ್ಲಿ ಅಡಗಿರುವ, ‘ಇದನ್ನು ಒಬ್ಬರು ತೆರೆದಿದ್ದಾರೆ’ ಎಂದು ಗುರುತಿಡುವ ಲಾಕ್ (ಬೀಗ) ಫೈಲನ್ನೇ ಅಳಿಸಿದೆ. ಇಬ್ಬರಿಗೂ ತೆರೆಯಿತು. ಉಳಿಸುವಾಗ, ಫೈಲು ಈ ನಡುವೆ ಬದಲಾಗಿದೆ ಎಂಬ ಎಚ್ಚರಿಕೆ ಬಂತು, ಸರಿಯಾಗಿ ಓದದೆ ಒತ್ತಿಬಿಟ್ಟೆ. ರೈಟರ್ ಬರೆದ ಒಂದು ಸಂಜೆಯ ತೂಕವೆಲ್ಲ ಅಳಿಸಿಹೋಯಿತು. ಕೊಯ್ಲಿನ ಹೆಂಗಸೊಬ್ಬರು “ನನ್ನ 62 ಕಿಲೋ ಎಲ್ಲಿ ಅಣ್ಣಾ?” ಎಂದಾಗ ತಲೆ ಎತ್ತಲಾಗಲಿಲ್ಲ.

ಬೀಗ ಹಾಕುವುದೇ ಸರಿ ಎಂದು ಈಗ ನನಗೂ ಅನ್ನಿಸುತ್ತದೆ. ಆದರೆ ‘ಸ್ಪ್ರೆಡ್‌ಶೀಟ್ ಹಂಚಿಕೊಳ್ಳಿ’ ಎಂಬ ಆಯ್ಕೆಯೂ ಕ್ಯಾಲ್ಕ್‌ನಲ್ಲೇ ಇದೆಯಲ್ಲ! ಅದನ್ನು ಆನ್ ಮಾಡಿ, ಇಬ್ಬರೂ ಒಂದೇ ಚೌಕದಲ್ಲಿ ಬರೆದರೆ ಯಾರ ಅಂಕಿ ಉಳಿಯುತ್ತದೆ? ಶನಿವಾರ ಬಟವಾಡೆ. ಬಳಸಿದವರು ದಯವಿಟ್ಟು ಹೇಳಿ: ಹಂಚಿಕೆಯನ್ನು ನಂಬಬಹುದೇ, ಇಲ್ಲವೇ ತೂಕಕ್ಕೂ ಮುಂಗಡಕ್ಕೂ ಬೇರೆ ಬೇರೆ ಫೈಲು ಇಡಬೇಕೇ?